ಅಚ್ಚು ಉಳಿದರೆ ರೂಪ ಉಳಿದೀತು
ಹಳೆಯ ಪ್ಲಾಸ್ಟಿಕ್ ಮಾದರಿ ಕಾರುಗಳ ಮರುಬಿಡುಗಡೆಯ ಕಥೆ

ಸಂಕ್ರಾಂತಿಗೆ ಮುಂಚಿನ ದಿನಗಳಲ್ಲಿ ಹಳೇ ಮೈಸೂರು ಕಡೆಯ ಮನೆಗಳಲ್ಲಿ ಸಕ್ಕರೆ ಅಚ್ಚು ಹಾಕುವುದನ್ನು ನೀವು ನೋಡಿರಬಹುದು. ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಸಿ, ಎರಡು ಹೋಳುಗಳನ್ನು ಸೇರಿಸಿ ದಾರ ಸುತ್ತಿ, ಹದಕ್ಕೆ ಬಂದ ಸಕ್ಕರೆ ಪಾಕವನ್ನು ತೂತಿನಿಂದ ಹೊಯ್ಯುತ್ತಾರೆ. ಪಾಕ ಗಟ್ಟಿಯಾದ ಮೇಲೆ ಹೋಳು ಬಿಡಿಸಿದರೆ ಗಿಳಿಯೋ, ಮೀನೋ, ತುಳಸಿಕಟ್ಟೆಯೋ ಹೊರಗೆ ಬರುತ್ತದೆ. ಎರಡು ಹೋಳು ಕೂಡುವ ಕಡೆ ತೆಳ್ಳಗೆ ರೆಕ್ಕೆಯಂತೆ ಎದ್ದ ಸಕ್ಕರೆಯನ್ನು ಚಾಕುವಿನಿಂದ ಹೆರೆದು ತೆಗೆಯುತ್ತಾರೆ. ಹೆರೆದದ್ದು ಮಕ್ಕಳ ಬಾಯಿಗೆ. ಅಚ್ಚು ಹಳೆಯದಾದಷ್ಟೂ ಈ ರೆಕ್ಕೆ ದಪ್ಪ, ಮಕ್ಕಳಿಗೆ ಸಿಗುವ ಪಾಲೂ ಹೆಚ್ಚು.

ಈ ಸಲದ ಮಾತುಕತೆಗಾಗಿ ಸ್ಟುಡಿಯೋದ ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದೆವು. ಅದರೊಳಗೆ ಅಮೆರಿಕದ ಹಳೆಯ ಕಾರೊಂದರ ಪ್ಲಾಸ್ಟಿಕ್ ಬಿಡಿಭಾಗಗಳಿದ್ದವು. ಪೆಟ್ಟಿಗೆ ಹೊಸದು, ಪ್ಲಾಸ್ಟಿಕ್ಕೂ ಹೊಸದು. ಆದರೆ ಭಾಗಗಳ ಅಂಚಿನಲ್ಲಿ ಸಕ್ಕರೆ ಅಚ್ಚಿನಲ್ಲಿ ಕಾಣುವಂಥದೇ ತೆಳು ರೆಕ್ಕೆ ಎದ್ದಿತ್ತು. ಮಾತಿಗೆ ಬಂದಿದ್ದ ಪದವಿ ವಿದ್ಯಾರ್ಥಿನಿಯೊಬ್ಬಳು ಅದನ್ನು ಬೆರಳಿನಿಂದ ಮುಟ್ಟಿ, “ಸಾರ್, ಇದು ಹೊಸ ಮಾಲು ಅಂತೀರಿ, ಅಚ್ಚು ಮಾತ್ರ ಹಳೇದೇ ಇರಬೇಕು” ಎಂದಳು. ಇಡೀ ವಿಷಯ ಆ ಒಂದು ಮಾತಿನಲ್ಲಿತ್ತು. ಪರದೆಯ ಮೇಲೆ ಅರ್ಧ ಗಂಟೆಯಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ಲಾಸ್ಟಿಕ್ಕು, ಉಕ್ಕು ಮತ್ತು ಅಂಟು

ಇಂಥ ಪೆಟ್ಟಿಗೆಗೆ ಎಲ್ಲರೂ ‘ಕಿಟ್’ ಎನ್ನುತ್ತಾರೆ. ಚಿಕ್ಕ ಚಿಕ್ಕ ಭಾಗಗಳು ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಕೊಂಡವರು ಅವನ್ನು ಕತ್ತರಿಸಿ, ಅಂಚು ಉಜ್ಜಿ, ಬಣ್ಣ ಬಳಿದು, ಅಂಟಿಸಿ ಕಾರು ಕಟ್ಟಬೇಕು. ಅಮೆರಿಕದ ಕಾರು ಕಿಟ್‌ಗಳ ಸಾಮಾನ್ಯ ಅಳತೆ 25ಕ್ಕೆ 1. ಅಂದರೆ 5 ಮೀಟರ್ ಉದ್ದದ ನಿಜವಾದ ಕಾರು ಇಲ್ಲಿ 20 ಸೆಂಟಿಮೀಟರ್ ಆಗುತ್ತದೆ. ಬ್ರಿಟನ್ನಿನಲ್ಲಿ 32ಕ್ಕೆ 1ರ ಅಳತೆಯೂ ಬಹಳ ಬಳಕೆಯಲ್ಲಿತ್ತು.

ಈ ಭಾಗಗಳ ವಸ್ತು ಪಾಲಿಸ್ಟೈರೀನ್. 1839ರಲ್ಲಿ ಬರ್ಲಿನ್ನಿನ ಔಷಧಿ ತಯಾರಕ ಎಡುವಾರ್ಡ್ ಸೈಮನ್ ಮರದ ಅಂಟೊಂದರಿಂದ ಬೇರ್ಪಡಿಸಿದ ಎಣ್ಣೆಯಂಥ ದ್ರವ ಕಾಲಕ್ರಮದಲ್ಲಿ ತಾನಾಗಿ ಗಟ್ಟಿಯಾಯಿತು. ಏಕೆ ಗಟ್ಟಿಯಾಯಿತು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ದೊರೆತದ್ದು 1920ರ ನಂತರ. ಸಣ್ಣ ಅಣುಗಳು ಸರಪಣಿಯ ಕೊಂಡಿಗಳಂತೆ ಸೇರಿ ಬಹು ಉದ್ದದ ಅಣುಗಳಾಗುತ್ತವೆ ಎಂದು ಜರ್ಮನಿಯ ಹರ್ಮನ್ ಸ್ಟಾಡಿಂಗರ್ ವಾದಿಸಿದರು. ಮೊದಮೊದಲು ಬಹಳ ಮಂದಿ ಒಪ್ಪಲಿಲ್ಲ. 1953ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಅಷ್ಟು ಹೊತ್ತಿಗೆ ಪಾಲಿಸ್ಟೈರೀನ್ ಮಕ್ಕಳ ಆಟಿಕೆಯ ಅಂಗಡಿ ತಲುಪಿಯಾಗಿತ್ತು.

ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗುತ್ತದೆ. ಇನ್ನೂರು ಡಿಗ್ರಿಯ ಮೇಲೆ ಕಾಯಿಸಿ, ಭಾರಿ ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ನುಗ್ಗಿಸುತ್ತಾರೆ. ಕೆಲವೇ ಕ್ಷಣಗಳಲ್ಲಿ ಆರಿ ಗಟ್ಟಿಯಾಗುತ್ತದೆ. ಅಚ್ಚು ಬಾಯಿ ತೆರೆದಾಗ ಸಣ್ಣ ಉಕ್ಕಿನ ಕಡ್ಡಿಗಳು ಭಾಗವನ್ನು ಹೊರಕ್ಕೆ ತಳ್ಳುತ್ತವೆ. ಆ ಕಡ್ಡಿ ತಗುಲಿದ ದುಂಡು ಗುರುತನ್ನು ಪ್ರತಿ ಭಾಗದ ಹಿಂಬದಿಯಲ್ಲಿ ನೀವು ಕಾಣಬಹುದು. ಜೋಡಿಸಲು ಬಳಸುವ ‘ಅಂಟು’ ಕೂಡ ನಿಜಾರ್ಥದಲ್ಲಿ ಅಂಟಲ್ಲ. ಅದು ಎರಡೂ ಬದಿಯ ಪ್ಲಾಸ್ಟಿಕ್ಕನ್ನು ಕೊಂಚ ಕರಗಿಸುತ್ತದೆ. ಕರಗಿದ ಅಣುಸರಪಣಿಗಳು ಒಂದರೊಳಗೊಂದು ಹೆಣೆದುಕೊಂಡು, ದ್ರಾವಕ ಆರಿದ ಮೇಲೆ ಒಂದೇ ತುಂಡಾಗುತ್ತವೆ. ಇದನ್ನು ಬೆಸುಗೆ ಎನ್ನುವುದೇ ಸರಿ.

ಅಚ್ಚು ಮಾಡುವುದು ಬಹಳ ದುಬಾರಿ ಕೆಲಸ. ಗಣಕಯಂತ್ರ ಬರುವ ಮೊದಲು ನುರಿತ ಬಡಗಿಗಳು ಕಾರಿನ ದೊಡ್ಡ ಪ್ರತಿಯನ್ನು ಮರದಲ್ಲಿ ಕೆತ್ತುತ್ತಿದ್ದರು. ಅದರಿಂದ ರಾಳದ ಪಡಿಯಚ್ಚು ತೆಗೆದು, ಪ್ಯಾಂಟೋಗ್ರಾಫ್ ಎಂಬ ಯಂತ್ರದ ಒಂದು ತುದಿಯನ್ನು ಅದರ ಮೇಲೆ ಆಡಿಸುತ್ತಿದ್ದರು. ಇನ್ನೊಂದು ತುದಿಯಲ್ಲಿದ್ದ ಕೊರೆಯುವ ಉಳಿ ಅದೇ ಆಕಾರವನ್ನು ಚಿಕ್ಕದಾಗಿ ಉಕ್ಕಿನಲ್ಲಿ ಕೆತ್ತುತ್ತಿತ್ತು. ತಿಂಗಳುಗಟ್ಟಲೆ ಕೆಲಸ. ಒಮ್ಮೆ ಅಚ್ಚು ಸಿದ್ಧವಾದರೆ ಒಂದೊಂದು ಪ್ರತಿಗೆ ತಗಲುವ ಖರ್ಚು ಅತಿ ಕಡಿಮೆ. ಮರುಬಿಡುಗಡೆಯ ಇಡೀ ಅರ್ಥಶಾಸ್ತ್ರ ಈ ಒಂದು ಅಂಶದ ಮೇಲೆ ನಿಂತಿದೆ.

ಮಾರಾಟಗಾರನ ಕೈಯಿಂದ ಹುಡುಗನ ಕೈಗೆ

ಪ್ಲಾಸ್ಟಿಕ್ ಕಿಟ್‌ಗಳ ಇತಿಹಾಸ ವಿಮಾನಗಳಿಂದ ಆರಂಭವಾಗುತ್ತದೆ. 1936ರಲ್ಲಿ ಬ್ರಿಟನ್ನಿನ ಫ್ರಾಗ್ ಎಂಬ ಹೆಸರಿನವರು ಪೆಂಗ್ವಿನ್ ಎಂಬ ಸರಣಿ ಹೊರತಂದರು. ಅದುವರೆಗೆ ಅವರು ಮಾಡುತ್ತಿದ್ದುದು ಹಾರುವ ಮಾದರಿಗಳನ್ನು. ಇವು ಹಾರದ ಮಾದರಿಗಳು, ಆದ್ದರಿಂದ ಹಾರಲಾರದ ಹಕ್ಕಿಯ ಹೆಸರು. 1939ರಲ್ಲಿ ಹಂಗೆರಿಯಿಂದ ಬಂದು ನೆಲೆಸಿದ ನಿಕೊಲಸ್ ಕೋವ್ ಏರ್‌ಫಿಕ್ಸ್ ಸಂಸ್ಥೆ ಕಟ್ಟಿದರು. 1949ರಲ್ಲಿ ಫರ್ಗುಸನ್ ಟ್ರ್ಯಾಕ್ಟರ್ ಮಾರುವವರು ಗಿರಾಕಿಗಳಿಗೆ ತೋರಿಸಲೆಂದು ಏರ್‌ಫಿಕ್ಸ್ ಒಂದು ಪುಟ್ಟ ಟ್ರ್ಯಾಕ್ಟರ್ ಮಾಡಿಕೊಟ್ಟಿತು. ಜೋಡಿಸುವ ಕೂಲಿ ಹೆಚ್ಚಾಯಿತೆಂದು ಆಮೇಲೆ ಅದನ್ನು ಬಿಡಿಭಾಗಗಳಾಗಿಯೇ ಮಾರಿತು.

ಅಮೆರಿಕದಲ್ಲಿ 1950ರ ದಶಕದ ಮೊದಲ ವರ್ಷಗಳಲ್ಲಿ ಲೂಯಿಸ್ ಗ್ಲೇಸರ್ ಅವರ ರೆವೆಲ್ ಸಂಸ್ಥೆ ‘ಹೈವೇ ಪಯೊನೀರ್ಸ್’ ಎಂಬ ಸರಣಿಯನ್ನು ಮಾರುಕಟ್ಟೆಗೆ ತಂದಿತು. ಫೋರ್ಡ್ ಮಾಡೆಲ್ ಟಿ, ಸ್ಟಾನ್ಲಿ ಉಗಿಕಾರು ಮುಂತಾದ ಆದಿಕಾಲದ ಮೋಟಾರುಗಳು ಅದರಲ್ಲಿದ್ದವು. ಗಮನಿಸಿ, ಕಾರಿನ ಕಿಟ್‌ಗಳು ಹುಟ್ಟುವಾಗಲೇ ಹಿಂದಿನ ಕಾಲದ ಕಡೆ ಮುಖ ಮಾಡಿದ್ದವು. ತಾತನ ಕಾಲದ ಕಾರನ್ನು ಮೊಮ್ಮಗ ಕಟ್ಟಿದ.

ಇನ್ನೊಂದು ಕವಲು ಡೆಟ್ರಾಯಿಟ್‌ನದು. 1948ರಲ್ಲಿ ಆರಂಭವಾದ ಎಎಂಟಿ ಸಂಸ್ಥೆಯ ಹೆಸರಿನ ವಿಸ್ತಾರ ‘ಅಲ್ಯೂಮಿನಂ ಮಾಡೆಲ್ ಟಾಯ್ಸ್’. ಹೆಸರಿನಲ್ಲಿ ಅಲ್ಯೂಮಿನಿಯಂ ಇದ್ದರೂ ಬೇಗನೆ ಪ್ಲಾಸ್ಟಿಕ್ಕಿಗೆ ಬದಲಾಯಿತು. ಕಾರು ಕಂಪನಿಗಳು ಪ್ರತಿವರ್ಷ ಹೊಸ ಮಾದರಿ ಬಿಡುತ್ತಿದ್ದ ಕಾಲ ಅದು. ಆ ವರ್ಷದ ಕಾರಿನ ಪುಟ್ಟ ಪ್ರತಿಗಳನ್ನು ಕಂಪನಿಯದೇ ಬಣ್ಣದಲ್ಲಿ ಮಾಡಿ ಡೀಲರುಗಳಿಗೆ ಕೊಡುವುದು ಎಎಂಟಿಯ ಕೆಲಸ. ಅಪ್ಪ ಕಾರಿನ ಬೆಲೆ ಕೇಳುವಾಗ ಮಗನ ಕೈಯಲ್ಲಿ ಅದೇ ಕಾರಿನ ಗೊಂಬೆ! ಜೋ-ಹಾನ್ ಎಂಬ ಇನ್ನೊಂದು ಸಂಸ್ಥೆಯೂ ಇದೇ ಕಸುಬಿನಲ್ಲಿತ್ತು. 1958ರಲ್ಲಿ ಎಎಂಟಿ ಈ ಅಚ್ಚುಗಳನ್ನೇ ಆಧರಿಸಿ ಬಿಡಿಭಾಗಗಳ ಪೆಟ್ಟಿಗೆ ಮಾಡಿ, ಒಂದೇ ಕಿಟ್ಟಿನಲ್ಲಿ ಮೂರು ಬಗೆ ಎಂದು ಮಾರಿತು. ಕಾರ್ಖಾನೆಯಿಂದ ಬಂದಂತೆ ಕಟ್ಟಬಹುದು, ಸೊಗಸು ಮಾಡಿಸಿದ ಕಾರಾಗಿ ಕಟ್ಟಬಹುದು, ಇಲ್ಲವೆ ಓಟದ ಕಾರಾಗಿ ಕಟ್ಟಬಹುದು. ಹದಿಹರೆಯದ ಹುಡುಗರು ಮುಗಿಬಿದ್ದರು. 1963ರಲ್ಲಿ ಎಂಪಿಸಿ ಎಂಬ ಸ್ಪರ್ಧಿ ಹುಟ್ಟಿಕೊಂಡಿತು. 1960ರ ದಶಕ ಈ ಹವ್ಯಾಸದ ಸುಗ್ಗಿಯ ಕಾಲ.

ತನ್ನ ಮೇಲೆ ತಾನೇ ಬರೆದುಕೊಂಡ ಉಕ್ಕು

ಮುಂದಿನದು ಈ ಕಥೆಯ ನೋವಿನ ಭಾಗ. ವರ್ಷ ಬದಲಾದರೆ ಕಾರಿನ ಮುಖ ಬದಲಾಗುತ್ತಿತ್ತು. ಮುಂದಿನ ಜಾಲರಿ, ದೀಪಗಳು, ಹಿಂದಿನ ರೆಕ್ಕೆ ಬೇರೆಯಾಗುತ್ತಿದ್ದವು. ಪ್ರತಿವರ್ಷ ಹೊಸ ಅಚ್ಚು ಮಾಡಲು ಹಣವೂ ಇಲ್ಲ, ಸಮಯವೂ ಇಲ್ಲ. ಆದ್ದರಿಂದ ಹೋದ ವರ್ಷದ ಅಚ್ಚನ್ನೇ ತಿದ್ದಿ ಈ ವರ್ಷದ ಕಾರು ಮಾಡುತ್ತಿದ್ದರು.

ಅಚ್ಚಿನ ಗಣಿತ ತಲೆಕೆಳಗು. ಅಚ್ಚಿನಲ್ಲಿ ಉಕ್ಕು ಕಳೆದರೆ ಕಾರಿನಲ್ಲಿ ಪ್ಲಾಸ್ಟಿಕ್ ಕೂಡುತ್ತದೆ. ಕಳೆಯುವುದು ಸುಲಭ. ಕಳೆದ ಉಕ್ಕನ್ನು ಮತ್ತೆ ಅದೇ ಜಾಗದಲ್ಲಿ ಅದೇ ಸೂಕ್ಷ್ಮತೆಯಿಂದ ತುಂಬುವುದು ಕಷ್ಟ. ಹೀಗೆ ಮೂರು ನಾಲ್ಕು ವರ್ಷ ತಿದ್ದಿದ ಮೇಲೆ, ಕೊನೆಗೆ ಅದನ್ನು ಓಟದ ಕಾರಿಗಾಗಿ ಚಕ್ರದ ಕಮಾನು ಅಗಲಿಸಿ ಕೆಡಿಸಿದರೆಂದರೆ, ಮೊದಲ ವರ್ಷದ ಕಾರು ಆ ಉಕ್ಕಿನಲ್ಲಿ ಶಾಶ್ವತವಾಗಿ ಅಳಿಸಿಹೋಯಿತು. ಮುಂದೊಂದು ದಿನ ಯಾರಾದರೂ ಇದನ್ನು ಹುಡುಕಿಕೊಂಡು ಬರುತ್ತಾರೆಂದು ಅಂದು ಯಾರಿಗೂ ಅನ್ನಿಸಿರಲಿಲ್ಲ. ಅವರ ಪಾಲಿಗೆ ಅದು ಈ ವರ್ಷದ ಸರಕು, ಅಷ್ಟೇ.

ಇದನ್ನು ಬರೆಯುವಾಗ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ. ನಾನು ಈ ವೃತ್ತಿಗೆ ಹೊಸದಾಗಿ ಬಂದಾಗ ಕೆಲಸ ಮಾಡುತ್ತಿದ್ದ ಕಡೆ ವಿಡಿಯೋ ಟೇಪು ದುಬಾರಿ, ಅದರ ಹಂಚಿಕೆಯೂ ಬಿಗಿ. ಕಾರ್ಯಕ್ರಮ ಪ್ರಸಾರವಾದ ಮೇಲೆ ಮೂಲ ಚಿತ್ರೀಕರಣದ ಟೇಪುಗಳನ್ನು ಕಾಂತದ ಯಂತ್ರದಲ್ಲಿಟ್ಟು ಅಳಿಸಿ ಮರುಬಳಕೆ ಮಾಡುತ್ತಿದ್ದೆವು. ಸಕ್ಕರೆ ಅಚ್ಚಿನ ಮರದ ಹೋಳುಗಳನ್ನು ಕೆತ್ತುತ್ತಿದ್ದ ಹಿರಿಯ ಬಡಗಿಯೊಬ್ಬರೊಡನೆ ಎರಡು ಗಂಟೆ ಮಾತಾಡಿಸಿ ಚಿತ್ರಿಸಿದ್ದೆ. ಹಬ್ಬದ ಕಾರ್ಯಕ್ರಮದಲ್ಲಿ ಬಳಸಿದ್ದು ನಾಲ್ಕು ನಿಮಿಷ. ಉಳಿದದ್ದನ್ನು ಅಳಿಸಬಹುದು ಎಂಬ ಚೀಟಿಗೆ ಸಹಿ ಹಾಕಿದವನು ನಾನೇ. ಕೆಲವು ವರ್ಷಗಳ ನಂತರ ಅವರ ಮಗಳು ಬಂದು, “ಅಪ್ಪ ತೀರಿಕೊಂಡರು. ಅವರು ಉಳಿ ಹಿಡಿಯೋದು ಹೇಗೆ ಅಂತ ತೋರಿಸಿದ್ದರಲ್ಲ ಸಾರ್, ಅದರದ್ದೊಂದು ಪ್ರತಿ ಸಿಗುತ್ತದೆಯೇ” ಎಂದು ಕೇಳಿದರು. ನನ್ನಲ್ಲಿದ್ದುದು ಆ ನಾಲ್ಕು ನಿಮಿಷ ಮಾತ್ರ. ಅದರಲ್ಲಿ ಉಳಿ ಹಿಡಿಯುವುದು ಇರಲಿಲ್ಲ. ಡೆಟ್ರಾಯಿಟ್‌ನ ಅಚ್ಚು ತಿದ್ದಿದವರನ್ನು ದೂರುವ ಹಕ್ಕು ನನಗಿಲ್ಲ.

ಊರಿಂದೂರಿಗೆ ಹೋದ ಅಚ್ಚುಗಳು

1970ರ ದಶಕದ ಹೊತ್ತಿಗೆ ಹುಡುಗರ ಆಸಕ್ತಿ ಬೇರೆಡೆ ಹರಿಯಿತು. ಎಣ್ಣೆಯ ಬೆಲೆ ಏರಿ ಪ್ಲಾಸ್ಟಿಕ್ ದುಬಾರಿಯಾಯಿತು. ಕಂಪನಿಗಳು ಒಂದೊಂದಾಗಿ ಕೈ ಬದಲಾದವು. ಕಂಪನಿ ಮಾರಿದರೆ ಮುಖ್ಯ ಆಸ್ತಿ ಅಚ್ಚುಗಳೇ. ನಮ್ಮಲ್ಲಿ ಸಕ್ಕರೆ ಅಚ್ಚು ಮನೆಯಿಂದ ಮನೆಗೆ ಹೋಗುವಂತೆ ಈ ಉಕ್ಕಿನ ಗಟ್ಟಿಗಳು ದೇಶದಿಂದ ದೇಶಕ್ಕೆ ಹೋದವು.

ಎಎಂಟಿಯನ್ನು 1978ರಲ್ಲಿ ಮ್ಯಾಚ್‌ಬಾಕ್ಸ್ ಕಾರುಗಳ ಲೆಸ್ನಿ ಸಂಸ್ಥೆ ಕೊಂಡಿತು. 1982ರಲ್ಲಿ ಲೆಸ್ನಿಯೇ ದಿವಾಳಿಯಾಯಿತು. ಆ ದಶಕದಲ್ಲಿ ಎಎಂಟಿಯೂ ಅದರ ಹಳೆಯ ಸ್ಪರ್ಧಿ ಎಂಪಿಸಿಯೂ ಅಯೋವಾ ರಾಜ್ಯದ ಎರ್ಟಲ್ ಕಂಪನಿಯ ಒಂದೇ ಸೂರಿನಡಿ ಬಂದವು. ರೆವೆಲ್ ಮತ್ತು ಮೊನೊಗ್ರಾಂ ಎಂಬ ಇಬ್ಬರು ಪ್ರತಿಸ್ಪರ್ಧಿಗಳು 1986ರಲ್ಲಿ ಒಂದಾದರು. ಅವರನ್ನು 2007ರಲ್ಲಿ ಕೊಂಡ ಹೊಬಿಕೊ 2018ರಲ್ಲಿ ದಿವಾಳಿ ಘೋಷಿಸಿದಾಗ ರೆವೆಲ್ ಹೆಸರು ಜರ್ಮನಿಯ ಹೂಡಿಕೆದಾರರ ಪಾಲಾಯಿತು. ಬ್ರಿಟನ್ನಿನ ಮೆರಿಟ್ ಸಂಸ್ಥೆ 1950ರ ದಶಕದಲ್ಲಿ ಮಾಡಿದ ರೇಸ್ ಕಾರುಗಳು ಮುಂದೆ ಚೆಕ್ ದೇಶದ ಸ್ಮೇರ್ ಪೆಟ್ಟಿಗೆಯಲ್ಲಿ ಕಾಣಿಸಿಕೊಂಡವು. ಫ್ರಾಗ್ ವಿಮಾನಗಳ ಅಚ್ಚುಗಳು 1970ರ ದಶಕದ ಮಧ್ಯದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋದವು. ಎರಡನೆಯ ಮಹಾಯುದ್ಧದಲ್ಲಿ ತಮ್ಮ ಶತ್ರುಗಳಾಗಿದ್ದ ದೇಶಗಳ ವಿಮಾನಗಳು ಮಾತ್ರ ತಮಗೆ ಬೇಡವೆಂದು ಸೋವಿಯತ್ತರು ಬಿಟ್ಟರು. ಅವು ರೆವೆಲ್‌ಗೆ ಸೇರಿದವು. ಯುದ್ಧ ಮುಗಿದು ಮೂವತ್ತು ವರ್ಷದ ಮೇಲೂ ಅದರ ಗಡಿರೇಖೆ ಆಟಿಕೆಯ ಉಗ್ರಾಣದಲ್ಲಿ ಉಳಿದಿತ್ತು ನೋಡಿ.

ಏರ್‌ಫಿಕ್ಸ್‌ನ ಪ್ರಯಾಣ ನಮಗೆ ಇನ್ನೂ ಹತ್ತಿರದ್ದು. 1981ರಲ್ಲಿ ಅದು ಮುಳುಗಿದಾಗ ಅಮೆರಿಕದ ಜನರಲ್ ಮಿಲ್ಸ್ ಕೊಂಡು ಅಚ್ಚುಗಳನ್ನು ಫ್ರಾನ್ಸಿಗೆ ಸಾಗಿಸಿತು. 1986ರಲ್ಲಿ ಬಣ್ಣದ ಡಬ್ಬಿಗಳಿಗೆ ಹೆಸರಾದ ಹಂಬ್ರೊಲ್ ಬಳಗಕ್ಕೆ ಬಂತು. 2006ರಲ್ಲಿ ಹಂಬ್ರೊಲ್ ಕೂಡ ಮುಳುಗಿತು. ಆ ವರ್ಷದ ಕೊನೆಗೆ ರೈಲು ಮಾದರಿಗಳ ಹಾರ್ನ್‌ಬಿ ಸಂಸ್ಥೆ ಎರಡನ್ನೂ 26 ಲಕ್ಷ ಪೌಂಡಿಗೆ ಕೊಂಡಿತು. ಅದಾದ ಮೇಲೆ 2010ರ ದಶಕದಲ್ಲಿ ಬಂದ ಬಹಳಷ್ಟು ಏರ್‌ಫಿಕ್ಸ್ ಪೆಟ್ಟಿಗೆಗಳ ಮೇಲೆ ‘ಭಾರತದಲ್ಲಿ ತಯಾರಾದದ್ದು’ ಎಂಬ ಮಾತು ಅಚ್ಚಾಗಿತ್ತು. ಅವರು ಮರುಬಿಡುಗಡೆ ಮಾಡಿದ 32ಕ್ಕೆ 1ರ ಕಾರುಗಳಲ್ಲಿ ಟ್ರಯಂಫ್ ಹೆರಾಲ್ಡ್ ಒಂದು. ಅದೇ ಕಾರನ್ನು 1961ರಿಂದ ಮದರಾಸಿನಲ್ಲಿ ‘ಸ್ಟಾಂಡರ್ಡ್ ಹೆರಾಲ್ಡ್’ ಎಂದು ತಯಾರಿಸುತ್ತಿದ್ದರು. ನಿಮ್ಮ ಅಜ್ಜಂದಿರನ್ನು ಕೇಳಿ. ಬೆಂಗಳೂರಿನ ರಸ್ತೆಯಲ್ಲಿ ಅದನ್ನು ಕಂಡವರು ಇನ್ನೂ ಇದ್ದಾರೆ.

ಮರುಬಿಡುಗಡೆಯ ಮೂರು ದಾರಿಗಳು

ಈಗ ಹಳೆಯ ಕಿಟ್ಟನ್ನು ಮತ್ತೆ ತರುವುದು ಹೇಗೆ ಎಂದು ನೋಡೋಣ.

ಮೊದಲನೆಯದು ಸುಲಭದ ದಾರಿ. ಅಚ್ಚು ಗೋದಾಮಿನಲ್ಲಿ ಸುರಕ್ಷಿತವಾಗಿದ್ದರೆ ತುಕ್ಕು ತೆಗೆದು, ಸವೆದ ಅಂಚು ಸರಿಮಾಡಿ, ಯಂತ್ರಕ್ಕೆ ಏರಿಸಿದರಾಯಿತು. ಹೊಸದಾಗಿ ಪೆಟ್ಟಿಗೆಯ ಚಿತ್ರವನ್ನೂ ಅಂಟುಚಿತ್ರಗಳನ್ನೂ ಮುದ್ರಿಸಬೇಕು. ಏರ್‌ಫಿಕ್ಸ್ 1971ರಲ್ಲಿ ತಂದ 12ಕ್ಕೆ 1ರ ಬೃಹತ್ ಬೆಂಟ್ಲಿ ಕಾರು ಹೀಗೆ ಹಲವು ಸಲ ಮರಳಿ ಬಂದಿದೆ.

ಎರಡನೆಯದು ಜೀರ್ಣೋದ್ಧಾರ. ತಿದ್ದಿ ಕೆಡಿಸಿದ ಅಚ್ಚಿನಲ್ಲಿ ಉಳಿದಿರುವ ಭಾಗ ಬಳಸಿಕೊಂಡು, ಕಳೆದುಹೋದ ಭಾಗಕ್ಕೆ ಮಾತ್ರ ಹೊಸ ಉಕ್ಕಿನ ತುಂಡು ಕೆತ್ತಿ ಸೇರಿಸುವುದು. ಶಿಥಿಲವಾದ ದೇಗುಲದ ಕಂಬ ಬಿದ್ದಿದ್ದರೆ ಅದೊಂದನ್ನೇ ಹೊಸದಾಗಿ ನಿಲ್ಲಿಸಿದ ಹಾಗೆ.

ಮೂರನೆಯದು, ಅಚ್ಚೇ ಇಲ್ಲದಿದ್ದಾಗ. ಯಾರೋ ಸಂಗ್ರಾಹಕರು ಕಟ್ಟದೆ ಇಟ್ಟುಕೊಂಡ ಹಳೆಯ ಕಿಟ್ ಒಂದನ್ನು ತಂದು, ಪ್ರತಿ ಭಾಗವನ್ನೂ ಅಳೆದು, ಹೊಸ ಅಚ್ಚನ್ನೇ ಮಾಡುವುದು. ಇಂದು ಈ ಅಳತೆಯನ್ನು ಬೆಳಕಿನ ಕಿರಣದಿಂದ ಗಣಕಯಂತ್ರವೇ ಮಾಡುತ್ತದೆ. ಆದರೆ ಇಲ್ಲೊಂದು ಲೆಕ್ಕ ತಪ್ಪಬಾರದು. ಪಾಲಿಸ್ಟೈರೀನ್ ಆರುವಾಗ ನೂರಕ್ಕೆ ಸುಮಾರು ಅರ್ಧ ಪಾಲು ಕುಗ್ಗುತ್ತದೆ. 20 ಸೆಂಟಿಮೀಟರಿನ ಕಾರಿಗೆ ಅದು 1 ಮಿಲಿಮೀಟರ್. ಹಳೆಯ ಭಾಗವನ್ನು ಅಳೆದು ಅದೇ ಅಳತೆಗೆ ಅಚ್ಚು ಮಾಡಿದರೆ ಹೊಸ ಭಾಗ ಮತ್ತೆ ಅಷ್ಟು ಕುಗ್ಗುತ್ತದೆ. ಪ್ರತಿಯ ಪ್ರತಿ ಮಾಡಿದಂತೆಲ್ಲ ಕಾರು ಚಿಕ್ಕದಾಗುತ್ತ ಹೋಗುತ್ತದೆ. ಆದ್ದರಿಂದ ಕುಗ್ಗುವಷ್ಟನ್ನು ಮೊದಲೇ ಸೇರಿಸಬೇಕು. ಸಾಲದ್ದಕ್ಕೆ, ಮೊದಲ ದಿನಗಳ ಡೀಲರ್ ಮಾದರಿಗಳ ವಸ್ತು ಸೆಲ್ಯುಲೋಸ್ ಅಸಿಟೇಟ್. ಅದು ವರ್ಷ ಕಳೆದಂತೆ ಸೊಟ್ಟಗಾಗುತ್ತದೆ. ಸೊಟ್ಟಗಾದದ್ದನ್ನು ಅಳೆದರೆ ಸೊಟ್ಟ ಕಾರೇ ಬಂದೀತು.

ಈ ಮೂರನೆಯ ದಾರಿಯನ್ನು ಜನಪ್ರಿಯ ಮಾಡಿದವರಲ್ಲಿ ಅಮೆರಿಕದ ಟಾಮ್ ಲೋ ಪ್ರಮುಖರು. ಅವರ ಬಾಲ್ಯದ ಕಾಲದಲ್ಲಿ ನ್ಯೂಯಾರ್ಕ್ ಬಳಿಯ ಅರೋರಾ ಎಂಬ ಕಿಟ್ ಕಂಪನಿ ಹೆಸರಾಗಿತ್ತು. 1977ರಲ್ಲಿ ಅದು ಮುಚ್ಚಿ ಅಚ್ಚುಗಳು ಮೊನೊಗ್ರಾಂ ಪಾಲಾದವು. ಸಾಗಿಸುವಾಗ ರೈಲು ಅಪಘಾತದಲ್ಲಿ ಕೆಲವು ನಾಶವಾದವೆಂಬ ಮಾತು ಹವ್ಯಾಸಿಗಳಲ್ಲಿ ಇಂದಿಗೂ ಓಡಾಡುತ್ತದೆ. 1990ರ ದಶಕದ ನಡುವಿನಲ್ಲಿ ಲೋ ಹಳೆಯ ಅರೋರಾ ಕಿಟ್‌ಗಳನ್ನೇ ನೋಡಿ ಹೊಸ ಅಚ್ಚು ಮಾಡಿಸಿದರು. ಆ ಸರಣಿಗೆ ಇಟ್ಟ ಹೆಸರು ‘ಪೋಲಾರ್ ಲೈಟ್ಸ್’, ಎಂದರೆ ಧ್ರುವ ಪ್ರಭೆ. ಅರೋರಾ ಎಂಬುದರ ಅರ್ಥವೂ ಅದೇ! 2005ರಲ್ಲಿ ಅವರು ಇಂಡಿಯಾನಾ ರಾಜ್ಯದಲ್ಲಿ ‘ರೌಂಡ್ 2’ ಎಂಬ ಸಂಸ್ಥೆ ಕಟ್ಟಿದರು. ಕೆಲವು ವರ್ಷಗಳಲ್ಲಿ ಎಎಂಟಿ ಮತ್ತು ಎಂಪಿಸಿಯ ಹೆಸರುಗಳೂ ಅಚ್ಚುಗಳೂ ಅಲ್ಲಿಗೆ ಬಂದು ಸೇರಿದವು. ಎರಡನೆಯ ಸುತ್ತು ಎಂಬ ಹೆಸರು ಸುಮ್ಮನೆ ಇಟ್ಟದ್ದಲ್ಲ.

ಇವನ್ನು ಕೊಳ್ಳುವವರು ಯಾರು? ಹೆಚ್ಚಿನವರು ಮಕ್ಕಳಲ್ಲ. ಒಂದು ಕಾಲದಲ್ಲಿ ಮಕ್ಕಳಾಗಿದ್ದವರು. ಅವರ ನೆನಪೇ ಈ ವ್ಯಾಪಾರದ ಬಂಡವಾಳ. ಅದರಲ್ಲಿ ಲಾಭದ ಲೆಕ್ಕ ಇದೆ ಎಂಬುದನ್ನು ಮರೆಯಬಾರದು. ಅದೇ ಲಾಭದ ಲೆಕ್ಕ ಉಕ್ಕನ್ನು ಗುಜರಿಗೆ ಹೋಗದಂತೆ ಕಾಪಾಡಿತು ಎಂಬುದನ್ನೂ ಮರೆಯಬಾರದು.

ಕಾರು ಹೋಯಿತು, ಅಚ್ಚು ಉಳಿಯಿತು

ಇದೆಲ್ಲ ಹವ್ಯಾಸಿಗಳ ಮಾತು, ಇತಿಹಾಸಕ್ಕೇನು ಸಂಬಂಧ ಎಂದು ನೀವು ಕೇಳಬಹುದು. ಎರಡು ಉದಾಹರಣೆ ಕೊಡುತ್ತೇನೆ.

1955ರಲ್ಲಿ ಫೋರ್ಡ್ ಬಳಗದ ಲಿಂಕನ್ ವಿಭಾಗ ‘ಫ್ಯೂಚುರಾ’ ಎಂಬ ಪ್ರದರ್ಶನದ ಕಾರನ್ನು ತೋರಿಸಿತು. ಅದರ ಮೈಯನ್ನು ಇಟಲಿಯ ಟ್ಯೂರಿನ್ ನಗರದ ಗಿಯಾ ಸಂಸ್ಥೆ ಕೈಯಿಂದ ಕಟ್ಟಿತ್ತು. ಮುತ್ತಿನ ಬಿಳುಪು, ತಲೆಯ ಮೇಲೆ ಎರಡು ಪಾರದರ್ಶಕ ಗುಮ್ಮಟ, ಹಿಂದೆ ಉದ್ದನೆಯ ರೆಕ್ಕೆಗಳು. 1956ರಲ್ಲಿ ರೆವೆಲ್ ಅದರ ಕಿಟ್ ತಂದಿತು. ಇದ್ದದ್ದು ಒಂದೇ ಕಾರು. ಹತ್ತು ವರ್ಷದ ನಂತರ ಹಾಲಿವುಡ್‌ನಲ್ಲಿ ಕಾರುಗಳಿಗೆ ಹೊಸ ರೂಪ ಕೊಡುತ್ತಿದ್ದ ಜಾರ್ಜ್ ಬ್ಯಾರಿಸ್ ಕೈಗೆ ಅದು ಸಿಕ್ಕಿತು. ಅವರು ಅದನ್ನು ಕತ್ತರಿಸಿ, ಕಪ್ಪು ಬಳಿದು, 1966ರ ಜನವರಿಯಲ್ಲಿ ಆರಂಭವಾದ ದೂರದರ್ಶನ ಧಾರಾವಾಹಿಗೆ ‘ಬ್ಯಾಟ್‌ಮೊಬಿಲ್’ ಮಾಡಿದರು. 2013ರಲ್ಲಿ ಆ ಕಪ್ಪು ಕಾರು ಹರಾಜಿನಲ್ಲಿ 40 ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಆದರೆ ಬಿಳಿಯ ಫ್ಯೂಚುರಾ ಆ ರೂಪದಲ್ಲಿ ಇನ್ನಿಲ್ಲ. ಅದನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಬೇಕೆಂದರೆ ಆಸರೆ ಛಾಯಾಚಿತ್ರಗಳು ಮತ್ತು ಮರುಬಿಡುಗಡೆಯಾದ ಆ ಕಿಟ್. ಪ್ರಸಿದ್ಧಿಗೆ ಬಂದ ಕಾರು ತನ್ನ ಮೊದಲ ರೂಪ ಕಳೆದುಕೊಂಡಿತು. ಆಟಿಕೆ ಅದನ್ನು ಜೋಪಾನ ಮಾಡಿತು.

ಎರಡನೆಯದು ಕ್ರೈಸ್ಲರ್ ಟರ್ಬೈನ್ ಕಾರು. ಜೆಟ್ ವಿಮಾನದ ಬಗೆಯ ಎಂಜಿನ್ ಹಾಕಿ 1963ರಿಂದ ತಯಾರಿಸಿದ ಕಾರು ಇದು. ಪ್ರಯೋಗದ ಮೊದಲ 5 ಸೇರಿ ಒಟ್ಟು 55 ತಯಾರಾದವು. ಡೀಸೆಲ್, ಸೀಮೆಎಣ್ಣೆ ಯಾವುದರಲ್ಲೂ ಓಡುತ್ತಿತ್ತು. 203 ಮಂದಿ ಸಾಮಾನ್ಯ ಬಳಕೆದಾರರಿಗೆ ಸರದಿಯಂತೆ ಕೊಟ್ಟು ಪರೀಕ್ಷಿಸಿದರು. 1966ರಲ್ಲಿ ಪ್ರಯೋಗ ಮುಗಿದ ಮೇಲೆ 46 ಕಾರುಗಳನ್ನು ಕಂಪನಿಯೇ ನಾಶಮಾಡಿಸಿತು. 9 ಉಳಿದವು. ಜೋ-ಹಾನ್ ಈ ಕಾರಿನ ಕಿಟ್ಟನ್ನು ಬಹು ನಿಷ್ಠೆಯಿಂದ ಮಾಡಿತ್ತು, ಎಂಜಿನ್ನಿನ ಭಾಗಗಳೂ ಅದರಲ್ಲಿದ್ದವು. ಆ ಕಿಟ್ ಮುಂದೆ ಮತ್ತೆ ಮತ್ತೆ ಬಂತು. ವಸ್ತುಸಂಗ್ರಹಾಲಯಕ್ಕೆ ಹೋಗಲಾಗದ ಹುಡುಗನೊಬ್ಬ ಟರ್ಬೈನ್ ಎಂಜಿನ್ನನ್ನು ತನ್ನ ಕೈಯಾರೆ ಜೋಡಿಸಿ ಅರ್ಥಮಾಡಿಕೊಳ್ಳುವುದು ಅದರಿಂದ ಸಾಧ್ಯವಾಯಿತು.

ಎಷ್ಟು ಹಳೆಯದು, ಎಷ್ಟು ಹೊಸದು?

ಮರುಬಿಡುಗಡೆ ಎಂದರೆ ಎಲ್ಲವನ್ನೂ ಇದ್ದಂತೆ ತರುವುದೇ? ಕೆಲವನ್ನು ಬದಲಾಯಿಸಲೇಬೇಕು. ಹಳೆಯ ಕಿಟ್‌ಗಳ ಮೆತ್ತನೆಯ ವಿನೈಲ್ ಟೈರುಗಳಿಂದ ಮೆದುಕಾರಕ ರಾಸಾಯನಿಕ ನಿಧಾನವಾಗಿ ಹೊರಸೂಸಿ, ತಾಗಿದ ಪಾಲಿಸ್ಟೈರೀನ್ ಚಕ್ರವನ್ನು ತಿಂದುಬಿಡುತ್ತಿತ್ತು. ಆ ದೋಷವನ್ನು ನಿಷ್ಠೆಯ ಹೆಸರಿನಲ್ಲಿ ಉಳಿಸಿಕೊಳ್ಳಬೇಕಾಗಿಲ್ಲ.

ಕೆಲವು ಬದಲಾವಣೆ ಅಷ್ಟು ಸರಳವಲ್ಲ. 1979ರಿಂದ 1985ರವರೆಗೆ ಅಮೆರಿಕದ ದೂರದರ್ಶನದಲ್ಲಿ ಬಂದ ‘ದಿ ಡ್ಯೂಕ್ಸ್ ಆಫ್ ಹಜಾರ್ಡ್’ ಧಾರಾವಾಹಿಯ ಕಿತ್ತಳೆ ಬಣ್ಣದ ಡಾಜ್ ಚಾರ್ಜರ್ ಕಾರಿನ ಕಿಟ್ಟನ್ನು ಎಂಪಿಸಿ ಮಾಡಿತ್ತು. ಅದರ ಛಾವಣಿಯ ಮೇಲೆ ಗುಲಾಮಗಿರಿಯನ್ನು ಉಳಿಸಲು ಹೋರಾಡಿದ ದಕ್ಷಿಣದ ರಾಜ್ಯಗಳ ಬಾವುಟ ಇತ್ತು. 2015ರ ಜೂನ್ ತಿಂಗಳಲ್ಲಿ ಚಾರ್ಲ್‌ಸ್ಟನ್ ನಗರದ ಚರ್ಚಿನಲ್ಲಿ ಕಪ್ಪು ಜನರ ಹತ್ಯೆ ನಡೆದ ಮೇಲೆ, ಆ ಬಾವುಟವಿರುವ ಆಟಿಕೆಗಳಿಗೆ ಇನ್ನು ಅನುಮತಿ ಇಲ್ಲವೆಂದು ವಾರ್ನರ್ ಸಂಸ್ಥೆ ಪ್ರಕಟಿಸಿತು. ಆ ಕಾಲದ ವಸ್ತು ಆ ಕಾಲದಂತೆಯೇ ಇರಲಿ ಎಂದವರುಂಟು. ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ವಿವರಣೆಯೊಡನೆ ಇಡುವುದು ಬೇರೆ, ಹೊಸದಾಗಿ ಅಚ್ಚುಹಾಕಿ ಮಗುವಿನ ಕೈಗೆ ಕೊಡುವುದು ಬೇರೆ ಎಂದವರೂ ಉಂಟು. ನನ್ನ ಒಲವು ಎರಡನೆಯ ಮಾತಿನ ಕಡೆಗೆ. ಆದರೆ ಬಾವುಟ ಇತ್ತು ಎಂಬ ಸಂಗತಿಯನ್ನು ಅಳಿಸಬಾರದು.

ಇಲ್ಲಿ ಕನ್ನಡದ ವಿದ್ಯಾರ್ಥಿಗಳಿಗೆ ಪರಿಚಿತವಾದ ಒಂದು ಮಾತು ನೆನಪಾಗುತ್ತದೆ. ಓಲೆಗರಿಗಳನ್ನು ಪ್ರತಿ ಮಾಡಿದವರು ಒಂದೊಂದು ಕಡೆ ಒಂದೊಂದು ಅಕ್ಷರ ಬದಲಿಸಿದರು. ಗ್ರಂಥ ಸಂಪಾದಕರು ಆ ಪಾಠಾಂತರಗಳನ್ನು ಹೋಲಿಸಿ ಯಾವುದು ಮೊದಲು, ಯಾವುದು ನಂತರ ಎಂದು ನಿರ್ಧರಿಸುತ್ತಾರೆ. ಮಾದರಿ ಕಾರುಗಳಿಗೂ ಪಾಠಾಂತರಗಳಿವೆ. ಅಂಚಿನ ರೆಕ್ಕೆ ಎಷ್ಟು ದಪ್ಪ, ಕಾರಿನ ಅಡಿಯಲ್ಲಿ ಯಾವ ಕಂಪನಿಯ ಹೆಸರು ಕೆತ್ತಿದೆ, ಯಾವುದನ್ನು ಹೆರೆದು ಅಳಿಸಿದ್ದಾರೆ, ಬಾಗಿಲಿನ ಗೆರೆ ಎಷ್ಟು ಮಸುಕಾಗಿದೆ ಎಂಬುದನ್ನೆಲ್ಲ ನೋಡಿ ಇದು ಎಷ್ಟನೆಯ ಪ್ರತಿ ಎಂದು ಬಲ್ಲವರು ಹೇಳುತ್ತಾರೆ. ಮರುಬಿಡುಗಡೆ ಮಾಡುವವರ ಕರ್ತವ್ಯ ಒಂದೇ. ಯಾವುದು ಹಳೆಯ ಉಕ್ಕಿನಿಂದ ಬಂತು, ಯಾವುದನ್ನು ಈಗ ಸೇರಿಸಿದೆವು ಎಂದು ಪೆಟ್ಟಿಗೆಯ ಮೇಲೆ ಪ್ರಾಮಾಣಿಕವಾಗಿ ಬರೆಯುವುದು. ಹಾಗೆ ಬರೆದರೆ ಅದು ಇತಿಹಾಸ. ಬರೆಯದಿದ್ದರೆ ಬರೀ ಮಾರಾಟದ ಮಾತು.

ಕೊನೆಯ ಮಾತು

ವಿದ್ಯಾರ್ಥಿ ಮಿತ್ರರೇ, ಒಂದು ಕಾಲದ ಸಾಮಾನ್ಯ ವಸ್ತುಗಳನ್ನು ಆ ಕಾಲದವರು ಜೋಪಾನ ಮಾಡುವುದಿಲ್ಲ. ರಾಜನ ಕಿರೀಟ ಉಳಿಯುತ್ತದೆ, ಅಂಗಡಿಯ ಆಟಿಕೆ ಉಳಿಯುವುದಿಲ್ಲ. ಎಎಂಟಿಯ ಉಕ್ಕು ಉಳಿದದ್ದು ಅರ್ಧ ವ್ಯಾಪಾರದಿಂದ, ಅರ್ಧ ಅದೃಷ್ಟದಿಂದ. ಮೂರನೆಯ ದಾರಿ ಸಾಧ್ಯವಾದದ್ದಂತೂ ಯಾರೋ ಒಬ್ಬರು ಒಂದು ಪೆಟ್ಟಿಗೆಯನ್ನು ಕಟ್ಟದೆ, ಬಿಸಾಡದೆ ಅಟ್ಟದ ಮೇಲೆ ಇಟ್ಟದ್ದರಿಂದ.

ನಿಮ್ಮ ಅಟ್ಟದ ಮೇಲೂ ಏನಾದರೂ ಇರಬಹುದು. ಮರದ ಸಕ್ಕರೆ ಅಚ್ಚು ಇದ್ದರೆ ತೆಗೆದು ನೋಡಿ. ಯಾರು ಕೆತ್ತಿದರು, ಯಾವ ಮರ, ಯಾವ ಊರಿನದು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಇಂದು ನಿಮ್ಮ ಕಿಸೆಯಲ್ಲಿರುವ ಫೋನಿಗೆ ಟೇಪಿನ ಚಿಂತೆಯಿಲ್ಲ. ಅವರು ಮಾತಾಡುವಾಗ ಎರಡು ಗಂಟೆಯನ್ನೂ ಉಳಿಸಿಕೊಳ್ಳಿ, ನಾಲ್ಕು ನಿಮಿಷ ಮಾತ್ರ ಅಲ್ಲ.

ಆ ಬಡಗಿಯ ಮಗಳು ಹೋಗುವಾಗ ತಂದೆ ಕೆತ್ತಿದ ಒಂದು ಜೊತೆ ಅಚ್ಚನ್ನು ನನ್ನ ಮೇಜಿನ ಮೇಲೆ ಬಿಟ್ಟುಹೋದರು. ಗಿಳಿಯ ಅಚ್ಚು. ಪ್ರತಿ ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಅದಕ್ಕೆ ಪಾಕ ಹೊಯ್ಯುತ್ತೇವೆ. ಗಿಳಿಯ ಕೊಕ್ಕು ಈಗ ಸ್ವಲ್ಪ ಸವೆದಿದೆ, ಅಂಚಿನ ರೆಕ್ಕೆ ದಪ್ಪವಾಗುತ್ತಿದೆ. ಅವರು ಉಳಿ ಹೇಗೆ ಹಿಡಿಯುತ್ತಿದ್ದರೋ ಅದನ್ನು ನಾನು ಯಾರಿಗೂ ತೋರಿಸಲಾರೆ. ಗಿಳಿ ಮಾತ್ರ ವರ್ಷಕ್ಕೊಮ್ಮೆ ಬರುತ್ತದೆ.